ಶಿಫಾರಸು ಪತ್ರಕ್ಕೆ ಯಾರ ಬಳಿ ಹೋಗಬೇಕು?

(ವಿದೇಶದಲ್ಲಿ ವೃತ್ತಿಪರ ಉನ್ನತ ಶಿಕ್ಷಣಕ್ಕೆ ಅರ್ಜಿ ಹಾಕಲಿರುವ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಶಿಫಾರಸು ಅನ್ನುವ ಮಾತಿನಿಂದಲೇ ಶುರು ಮಾಡೋಣ. ನಮ್ಮ ಕಡೆ ಈ ಮಾತಿಗೆ ಹಳೆಯ ಅರ್ಥವೊಂದು ಅಂಟಿಕೊಂಡಿದೆ. ಹಾಸ್ಟೆಲ್‌ನಲ್ಲಿ ಸೀಟು ಬೇಕು, ವರ್ಗಾವಣೆ ಆಗಬೇಕು ಅಂದರೆ ದೊಡ್ಡವರ ಹತ್ತಿರ ಹೋಗಿ ಒಂದು ಪತ್ರ ಬರೆಸಿಕೊಂಡು ಬರುತ್ತೇವೆ. ಆ ಪತ್ರದಲ್ಲಿ ಏನು ಬರೆದಿದೆ ಎಂದು ಯಾರೂ ಓದುವುದಿಲ್ಲ, ಕೆಳಗೆ ಯಾರ ಸಹಿ ಇದೆ ಎಂದು ನೋಡುತ್ತಾರೆ. ಎಂಬಿಎ, ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ), ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಇಂತಹ ಕೋರ್ಸುಗಳಿಗೆ ಹೊರದೇಶದ ವಿಶ್ವವಿದ್ಯಾಲಯಗಳು ಕೇಳುವ ಶಿಫಾರಸು ಪತ್ರಕ್ಕೂ ನಮ್ಮ ಮಕ್ಕಳು ಇದೇ ಲೆಕ್ಕದಲ್ಲಿ ಹೊರಡುತ್ತಾರೆ. ಪ್ರಾಂಶುಪಾಲರ ಕೊಠಡಿಯ ಮುಂದೆ ನಿಲ್ಲುತ್ತಾರೆ, ಶಾಸಕರ ಪರಿಚಯವಿದ್ದರೆ ಅಲ್ಲಿಗೂ ಹೋಗುತ್ತಾರೆ. ಅರ್ಜಿ ದುರ್ಬಲವಾಗುವುದು ಅಲ್ಲಿಂದಲೇ.

ಇದು ಮಕ್ಕಳ ತಪ್ಪಲ್ಲ. ಕೆಸಿಇಟಿ, ನೀಟ್, ಪಿಜಿಸಿಇಟಿ, ಕ್ಲಾಟ್, ಎಲ್ಲವೂ ರ‍್ಯಾಂಕಿನ ಮೇಲೆ ನಡೆಯುವ ವ್ಯವಸ್ಥೆ. ಇಪ್ಪತ್ತೆರಡು ವರ್ಷ ತುಂಬುವವರೆಗೂ ಯಾರೂ ಅವರಿಂದ ಇಂಥ ಪತ್ರ ಕೇಳಿರುವುದಿಲ್ಲ. ಅವರು ಕಂಡಿರುವುದು ಟಿಸಿ ಜೊತೆ ಕೊಡುವ ನಡತೆ ಪ್ರಮಾಣಪತ್ರ ಒಂದನ್ನೇ. 'ಇವರ ನಡತೆ ಉತ್ತಮವಾಗಿತ್ತು' ಎಂದು ಅಚ್ಚಾಗಿರುವ ಫಾರಂನಲ್ಲಿ ಗುಮಾಸ್ತರು ಹೆಸರು ತುಂಬಿ, ಪ್ರಾಂಶುಪಾಲರು ಸಹಿ ಹಾಕಿರುತ್ತಾರೆ. ಶಿಫಾರಸು ಪತ್ರವೂ ಅದರದೇ ದೊಡ್ಡ ರೂಪ ಅಂದುಕೊಳ್ಳುತ್ತಾರೆ. ಆದರೆ ಇದು ಪ್ರಮಾಣಪತ್ರ ಅಲ್ಲ, ಸಾಕ್ಷಿ. ಕೋರ್ಟಿನಲ್ಲಿ ಸಾಕ್ಷಿಗೆ ಕೇಳುವ ಮೊದಲ ಪ್ರಶ್ನೆ 'ನೀವು ಸ್ಥಳದಲ್ಲಿದ್ದಿರಾ?' ಎಂದು. ಇಲ್ಲೂ ಅದೇ ಪ್ರಶ್ನೆ.

ಪತ್ರ ಓದುವವರ ಮೇಜಿನ ಮೇಲೆ ಏನೇನಿರುತ್ತದೆ ಎಂದು ಯೋಚಿಸಿ. ನಿಮ್ಮ ಅಂಕಪಟ್ಟಿ ಇದೆ, ಪರೀಕ್ಷೆಯ ಸ್ಕೋರ್ ಇದೆ, ನಿಮ್ಮ ಬಗ್ಗೆ ನೀವೇ ಬರೆದ ಪ್ರಬಂಧ ಇದೆ. ಇನ್ನೊಬ್ಬರು ನಿಮ್ಮ ಬಗ್ಗೆ ಮಾತಾಡುವುದು ಈ ಪತ್ರದಲ್ಲಿ ಮಾತ್ರ. 'ಇವರು ಶೇಕಡಾ 82 ಅಂಕ ಪಡೆದಿದ್ದಾರೆ' ಎಂದು ಅಲ್ಲಿ ಮತ್ತೆ ಬರೆದರೆ ಅವರಿಗೆ ಹೊಸದೇನೂ ಸಿಗಲಿಲ್ಲ. ಅಂಕಪಟ್ಟಿಯಲ್ಲಿ ಕಾಣದ್ದನ್ನು ಅವರು ಹುಡುಕುತ್ತಿರುತ್ತಾರೆ: ಗೊತ್ತಿಲ್ಲದ್ದು ಎದುರಾದಾಗ ಈ ಹುಡುಗ ಏನು ಮಾಡುತ್ತಾನೆ, ತಪ್ಪು ತೋರಿಸಿದರೆ ಹೇಗೆ ತೆಗೆದುಕೊಳ್ಳುತ್ತಾನೆ, ಜೊತೆಯವರ ಜೊತೆ ಹೇಗೆ ಕೆಲಸ ಮಾಡುತ್ತಾನೆ.

ಒಂದು ಮಾದರಿ ತೆಗೆದುಕೊಳ್ಳೋಣ. ಪಶುವೈದ್ಯಕೀಯ ಓದಿದ ವಿದ್ಯಾರ್ಥಿನಿಯೊಬ್ಬಳಿಗೆ ಎರಡು ಪತ್ರ ಬಂದಿವೆ ಅಂದುಕೊಳ್ಳಿ. ಮೊದಲನೆಯದು ಕಾಲೇಜಿನ ಮುಖ್ಯಸ್ಥರದು: 'ಈಕೆ ಶ್ರಮಜೀವಿ, ಪ್ರಾಮಾಣಿಕಳು, ವಿಧೇಯಳು. ಈಕೆಯ ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇನೆ.' ಎರಡನೆಯದು ಕ್ಲಿನಿಕ್ಕಿನಲ್ಲಿ ಪಾಠ ಮಾಡಿದ ಸಹಾಯಕ ಪ್ರಾಧ್ಯಾಪಕರದು: 'ಇಂಟರ್ನ್‌ಶಿಪ್ ವೇಳೆ ಕರು ಹಾಕಲಾಗದೆ ಒದ್ದಾಡುತ್ತಿದ್ದ ಹಸುವೊಂದನ್ನು ರಾತ್ರಿ ಕರೆತಂದರು. ಕರುವಿನ ತಲೆ ಪಕ್ಕಕ್ಕೆ ತಿರುಗಿಕೊಂಡಿತ್ತು. ಮಾಲೀಕರು ಎಳೆದುಬಿಡಿ ಎಂದು ಅವಸರ ಮಾಡುತ್ತಿದ್ದರು. ತಲೆ ನೇರ ಮಾಡದೆ ಎಳೆದರೆ ಹಸು, ಕರು ಎರಡಕ್ಕೂ ಅಪಾಯ ಎಂದು ಈಕೆ ಅವರಿಗೆ ಸಮಾಧಾನದಿಂದ ತಿಳಿಸಿ, ನಾನು ಬರುವ ತನಕ ಕಾದಳು. ಆ ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದ ಇಂಟರ್ನ್‌ಗಳಲ್ಲಿ ರೈತರ ಜೊತೆ ಹೀಗೆ ಮಾತಾಡಬಲ್ಲವರು ಇಬ್ಬರೇ.' ಎರಡನೆಯವರ ಹುದ್ದೆ ಚಿಕ್ಕದು, ಆದರೆ ಅವರು ಸ್ಥಳದಲ್ಲಿದ್ದರು. ಮೊದಲ ಪತ್ರದಲ್ಲಿ ಹೆಸರು ಬದಲಿಸಿದರೆ ಅದು ಯಾರಿಗೆ ಬೇಕಾದರೂ ಸಲ್ಲುತ್ತದೆ. 'ವಿಧೇಯ' ಅನ್ನುವುದು ನಮ್ಮಲ್ಲಿ ಹೊಗಳಿಕೆ. ಅಲ್ಲಿ ಓದುವವರಿಗೆ ಮಾತ್ರ ಈ ಮೇಷ್ಟ್ರಿಗೆ ಹೇಳಲು ಬೇರೇನೂ ಇರಲಿಲ್ಲ ಎಂದು ಅನಿಸುತ್ತದೆ.

ಹಾಗಾಗಿ ಇವತ್ತು ಮನೆಗೆ ಹೋದ ಮೇಲೆ ಒಂದು ಹಾಳೆ ತೆಗೆದುಕೊಂಡು ಎರಡು ಗೆರೆ ಎಳೆಯಿರಿ. ಮೊದಲ ಅಂಕಣದಲ್ಲಿ ಹೆಸರು, ಎರಡನೆಯದರಲ್ಲಿ ಅವರು ನಿಮ್ಮನ್ನು ಏನು ಮಾಡುವಾಗ ನೋಡಿದ್ದಾರೆ ಎಂಬುದು, ಮೂರನೆಯದರಲ್ಲಿ ಯಾವ ಸೆಮಿಸ್ಟರ್ ಅಥವಾ ಯಾವ ತಿಂಗಳು. ಕನಿಷ್ಠ ಎಂಟು ಹೆಸರು ಬರೆಯಿರಿ. ಎರಡನೇ ಅಂಕಣಕ್ಕೆ 'ಕ್ಲಾಸ್ ತಗೊಂಡಿದ್ದರು' ಅನ್ನುವುದಕ್ಕಿಂತ ಹೆಚ್ಚೇನೂ ಹೊಳೆಯದಿದ್ದರೆ ಆ ಹೆಸರು ಎಷ್ಟು ದೊಡ್ಡದಾದರೂ ಹೊಡೆದುಹಾಕಿ. ಉಳಿದವರಲ್ಲಿ ಬೇರೆ ಬೇರೆ ಮಗ್ಗುಲನ್ನು ಕಂಡವರನ್ನು ಆರಿಸಿ. ಮೂರು ಪತ್ರ ಬೇಕಿದ್ದು ಮೂವರೂ ಥಿಯರಿ ಪಾಠ ಮಾಡಿದವರೇ ಆದರೆ ಒಂದೇ ಪತ್ರ ಮೂರು ಸಲ ಹೋದಂತೆ. ಒಬ್ಬರು ಓದಿನ ಬಗ್ಗೆ, ಒಬ್ಬರು ಪ್ರಾಜೆಕ್ಟ್ ಬಗ್ಗೆ, ಇನ್ನೊಬ್ಬರು ಕಾಲೇಜಿನ ಹೊರಗಿನ ಕೆಲಸದ ಬಗ್ಗೆ ಹೇಳುವಂತಿರಲಿ.

ಇನ್ನು ಯಾವ ಕೋರ್ಸಿಗೆ ಯಾರು ಅನ್ನುವ ವಿಚಾರ.

ಸಾರ್ವಜನಿಕ ಆರೋಗ್ಯ, ಅಂದರೆ ಎಂಪಿಎಚ್‌ಗೆ ಅಮೆರಿಕದ ಬಹಳಷ್ಟು ಶಾಲೆಗಳು ಸೋಫಾಸ್ ಎಂಬ ಒಂದೇ ಪೋರ್ಟಲ್ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ, ಸಾಮಾನ್ಯವಾಗಿ ಮೂರು ಪತ್ರ ಬೇಕು. ಎಂಬಿಬಿಎಸ್ ಮುಗಿಸಿದವರು ಮೆಡಿಸಿನ್, ಸರ್ಜರಿ ಮುಖ್ಯಸ್ಥರನ್ನೇ ಹುಡುಕಿಕೊಂಡು ಹೋಗುತ್ತಾರೆ. ಅದಕ್ಕಿಂತ ಸಮುದಾಯ ವೈದ್ಯಕೀಯ ವಿಭಾಗದಲ್ಲಿ ನಿಮ್ಮ ಸಮೀಕ್ಷೆಯನ್ನು ತಿದ್ದಿದವರು, ಪ್ರಾಥಮಿಕ ಆರೋಗ್ಯ ಕೇಂದ್ರದ ಪೋಸ್ಟಿಂಗ್‌ನಲ್ಲಿ ಜೊತೆಗಿದ್ದ ವೈದ್ಯಾಧಿಕಾರಿ ಹೆಚ್ಚು ಕೆಲಸಕ್ಕೆ ಬರುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ದಿನಗಳಲ್ಲಿ ಕೆಲಸ ಮಾಡಿದವರಿದ್ದರೆ ಅಲ್ಲಿನ ತಾಲ್ಲೂಕು ಆರೋಗ್ಯಾಧಿಕಾರಿ ಬರೆಯುವ ಪತ್ರ ಬಹಳ ಬೆಲೆಯುಳ್ಳದ್ದು. ಕಾಡಂಚಿನ ಮನೆಗಳಿಗೆ ಹೋಗಿ, ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆ ಯಾಕೆ ಬೇಕು ಎಂದು ತಿಳಿಸಿಹೇಳಿದ್ದನ್ನು ಕಣ್ಣಾರೆ ಕಂಡವರು ಅವರು. ಅಂಥ ಅನುಭವವನ್ನು ಪಠ್ಯದಿಂದ ಕಟ್ಟಿಕೊಡಲು ಆಗುವುದಿಲ್ಲ.

ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ವೈದ್ಯರು ಆಸ್ಪತ್ರೆಯಲ್ಲಿದ್ದು ಪಡೆಯುವ ತಜ್ಞ ತರಬೇತಿಗೆ ಹೋಗುವವರ ದಾರಿ ಬೇರೆ. ಅಲ್ಲಿ ಅರ್ಜಿ ಹಾಕಲು ಈರಾಸ್ ಎಂಬ ವ್ಯವಸ್ಥೆಯಿದೆ. ಒಂದು ಪ್ರೋಗ್ರಾಂಗೆ ಹೆಚ್ಚೆಂದರೆ 4 ಪತ್ರ ಜೋಡಿಸಬಹುದು. ಪ್ರತಿ ಪತ್ರಕ್ಕೂ ಪ್ರತ್ಯೇಕ ಗುರುತು ಸಂಖ್ಯೆಯ ಫಾರಂ ಬರುತ್ತದೆ, ಅದನ್ನು ನೀವು ವೈದ್ಯರಿಗೆ ಕೊಡಬೇಕು, ಅಪ್‌ಲೋಡ್ ಮಾತ್ರ ಅವರ ಕಡೆಯಿಂದಲೇ ಆಗಬೇಕು. ಯಾವ ವಿಭಾಗಕ್ಕೆ ಅರ್ಜಿಯೋ ಆ ವಿಭಾಗದಲ್ಲಿ ನಿಮ್ಮ ಜೊತೆ ರೋಗಿಗಳನ್ನು ನೋಡಿದವರ ಪತ್ರಕ್ಕೆ ತೂಕ.

ಕಾನೂನು ಓದಿದವರಿಗೆ ಎಲ್‌ಎಲ್‌ಎಂಗೆ ಒಬ್ಬ ಪ್ರಾಧ್ಯಾಪಕರಂತೂ ಬೇಕೇ ಬೇಕು. ಎರಡನೆಯವರಾಗಿ ನೀವು ಜೂನಿಯರ್ ಆಗಿ ಕೆಲಸ ಮಾಡಿದ ಹಿರಿಯ ವಕೀಲರು. ಹೆಸರುವಾಸಿ ಅನ್ನುವುದನ್ನಷ್ಟೇ ನೋಡಬೇಡಿ. ಆಸ್ತಿ ವಿಭಾಗದ ದಾವೆಯೊಂದರ ವಾದಪತ್ರವನ್ನು ನೀವು ಬರೆದು ಕೊಟ್ಟಾಗ ಕೆಂಪು ಶಾಯಿಯಲ್ಲಿ ತಿದ್ದಿದವರು ಯಾರೋ ಅವರನ್ನು ಕೇಳಿ.

ಎಂಬಿಎ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಇನ್ಸಿಯಾಡ್‌ನಂತಹ ಶಾಲೆಗಳು ಎರಡು ಪತ್ರ ಕೇಳುತ್ತವೆ, ಅವು ಕೆಲಸದ ಜಾಗದಿಂದ ಬರಬೇಕೆಂಬುದು ಅವರ ನಿರೀಕ್ಷೆ. ಕಾಲೇಜಿನ ಮೇಷ್ಟ್ರು ಇಲ್ಲಿ ಹೊಂದುವುದಿಲ್ಲ. ನಿಮ್ಮ ನೇರ ಮೇಲಧಿಕಾರಿ ಮೊದಲು. ಹಲವು ಶಾಲೆಗಳು ಬಳಸುವ ಸಾಮಾನ್ಯ ನಮೂನೆಯಲ್ಲಿ ಅವರಿಗೆ ಕೇಳುವ ಎರಡು ಪ್ರಶ್ನೆಗಳನ್ನು ನೆನಪಿಡಿ. ಇದೇ ಬಗೆಯ ಕೆಲಸ ಮಾಡುವ ಇತರ ಸಮರ್ಥರ ಜೊತೆ ಹೋಲಿಸಿದರೆ ಈತ ಎಲ್ಲಿ ನಿಲ್ಲುತ್ತಾನೆ ಅನ್ನುವುದು ಒಂದು. ನೀವು ಈತನಿಗೆ ತಿದ್ದಿ ಹೇಳಿದ ಅತಿ ಮುಖ್ಯ ಸಂಗತಿ ಯಾವುದು, ಅದಕ್ಕೆ ಈತ ಹೇಗೆ ಸ್ಪಂದಿಸಿದ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ನಮ್ಮವರು ಪ್ರೀತಿಯಿಂದ 'ಯಾವ ದೋಷವೂ ಇಲ್ಲ' ಎಂದು ಬರೆದುಬಿಡುತ್ತಾರೆ. ಹುಡುಗನಿಗೆ ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ, ಆದರೆ ಇವರಿಗೆ ಈತ ಸರಿಯಾಗಿ ಗೊತ್ತೇ ಇಲ್ಲ ಎಂದು ಆ ಕಡೆಯವರು ಓದಿಕೊಳ್ಳುತ್ತಾರೆ. ಆದ್ದರಿಂದ ನಿಮಗೆ ಒಮ್ಮೆಯಾದರೂ ಗದರಿ ತಿದ್ದಿದವರನ್ನು, ನೀವು ತಿದ್ದಿಕೊಂಡಿದ್ದನ್ನು ಕಂಡವರನ್ನು ಆರಿಸಿ. ಈಗಿನ ಕಂಪನಿಯಲ್ಲಿ ವಿಷಯ ಬಿಟ್ಟುಕೊಡಲು ಆಗದಿದ್ದರೆ ಹಿಂದಿನ ಮೇಲಧಿಕಾರಿಯನ್ನು ಕೇಳಿ, ಈಗಿನವರನ್ನು ಯಾಕೆ ಕೇಳಲಿಲ್ಲ ಎಂಬುದನ್ನು ಅರ್ಜಿಯ ಹೆಚ್ಚುವರಿ ವಿವರಣೆಯ ಜಾಗದಲ್ಲಿ ಎರಡು ಸಾಲಿನಲ್ಲಿ ತಿಳಿಸಿ.

ನಮ್ಮ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ಮೂರು ನಾಲ್ಕು ವರ್ಷ ಮನೆಯ ಕಾಫಿ ತೋಟವನ್ನೇ ನೋಡಿಕೊಂಡವರು ಮೇಲಧಿಕಾರಿ ಎಂದು ಯಾರನ್ನು ತೋರಿಸಬೇಕು? ಅಪ್ಪ, ದೊಡ್ಡಪ್ಪ, ಮಾವ ಯಾರೂ ಆಗುವುದಿಲ್ಲ, ಬಂಧುಗಳ ಪತ್ರವನ್ನು ಸ್ವೀಕರಿಸುವುದಿಲ್ಲ. ತೋಟದಿಂದ ಹೊರಗೆ ನಿಮ್ಮ ಜೊತೆ ವ್ಯವಹಾರ ಮಾಡಿದವರನ್ನು ನೆನಪು ಮಾಡಿಕೊಳ್ಳಿ. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್ ನಿಮ್ಮ ಪಾರ್ಚ್‌ಮೆಂಟ್ ಕಾಫಿಯ (ಹಣ್ಣು ಸುಲಿದು, ತೊಳೆದು ಒಣಗಿಸಿದ ಬೀಜದ) ತೇವಾಂಶ ಹೆಚ್ಚಾಗಿದೆ ಎಂದು ಒಂದು ವರ್ಷ ತಕರಾರು ತೆಗೆದಿರಬಹುದು, ಮರುವರ್ಷ ನೀವು ಒಣಗಿಸುವ ಕಣದ ಕ್ರಮ ಬದಲಿಸಿ ಅದನ್ನು ಸರಿಪಡಿಸಿರಬಹುದು. ಅದು ಒಳ್ಳೆಯ ಪತ್ರದ ಜೀವಾಳ. ಸಾಲ ಮಂಜೂರು ಮಾಡುವಾಗ ನಿಮ್ಮ ಲೆಕ್ಕಪತ್ರ ಪರಿಶೀಲಿಸಿದ ಬ್ಯಾಂಕ್ ಮ್ಯಾನೇಜರ್, ಲೆಕ್ಕ ನೋಡುವ ಆಡಿಟರ್, ಕಾಫಿ ಬೋರ್ಡಿನ ಸಂಪರ್ಕಾಧಿಕಾರಿ, ಹೊರಗಿನ ಖರೀದಿದಾರರು, ಇವರೆಲ್ಲ ಆಗುತ್ತಾರೆ. ಬಂಧುವಲ್ಲದಿದ್ದರೂ ನಿಮ್ಮದೇ ಮನೆತನದ ಹೆಸರು ಅವರಿಗೂ ಇದ್ದರೆ 'ನಮ್ಮಿಬ್ಬರಿಗೂ ಯಾವುದೇ ಸಂಬಂಧವಿಲ್ಲ' ಎಂದು ಪತ್ರದಲ್ಲೇ ಒಂದು ಸಾಲು ಬರೆಯಲು ಹೇಳಿ.

ಅತಿಥಿ ಉಪನ್ಯಾಸಕರ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸರ್ಕಾರಿ ಕಾಲೇಜುಗಳಲ್ಲಿ ನಿಮ್ಮ ಜೊತೆ ಹೆಚ್ಚು ಹೊತ್ತು ಕಳೆಯುವವರು, ಲ್ಯಾಬಿನಲ್ಲಿ ನಿಮ್ಮ ಪಕ್ಕದಲ್ಲಿ ನಿಲ್ಲುವವರು ಎಷ್ಟೋ ಸಲ ಅವರೇ. 'ಪರ್ಮನೆಂಟ್ ಅಲ್ಲವಲ್ಲ' ಎಂದು ಮಕ್ಕಳು ಅವರನ್ನು ಬಿಟ್ಟುಬಿಡುತ್ತಾರೆ, ಇದು ತಪ್ಪು. ಹೊರಗಿನವರು ಅವರ ನೇಮಕಾತಿಯ ಬಗೆಯನ್ನು ನೋಡುವುದಿಲ್ಲ. ತೊಂದರೆ ಬೇರೆ ಎರಡಿವೆ: ಕಾಲೇಜಿನ ಅಧಿಕೃತ ಇಮೇಲ್ ಅವರಿಗೆ ಇರುವುದಿಲ್ಲ, ಮುಂದಿನ ವರ್ಷ ಅವರು ಅಲ್ಲೇ ಇರುತ್ತಾರೆ ಎಂಬ ಖಾತ್ರಿಯಿಲ್ಲ. ಮೊದಲನೆಯದಕ್ಕೆ ಪ್ರಾಂಶುಪಾಲರನ್ನು ಕೇಳಿ ವಿಭಾಗದ ಹೆಸರಿನಲ್ಲಿ ಒಂದು ಇಮೇಲ್ ವಿಳಾಸ ಮಾಡಿಸಿಕೊಳ್ಳಬಹುದೇ ನೋಡಿ. ಆಗದಿದ್ದರೆ ವೈಯಕ್ತಿಕ ಇಮೇಲ್ ಕೊಟ್ಟು, ಪತ್ರ ಕಾಲೇಜಿನ ಲೆಟರ್‌ಹೆಡ್ ಮೇಲೆ ಇರುವಂತೆ, ಅದರಲ್ಲಿ ಅವರ ಫೋನ್ ನಂಬರ್ ಇರುವಂತೆ ನೋಡಿಕೊಳ್ಳಿ. ಎರಡನೆಯದಕ್ಕೆ, ಪರೀಕ್ಷೆ ಮುಗಿದು ನೀವು ಕಾಲೇಜು ಬಿಡುವ ಮೊದಲೇ ಅವರ ಫೋನ್, ಇಮೇಲ್ ಬರೆದಿಟ್ಟುಕೊಳ್ಳಿ. ಕಾಯಂ ಅಧ್ಯಾಪಕರಿಗೂ ವರ್ಗಾವಣೆ ತಪ್ಪಿದ್ದಲ್ಲ. ಒಬ್ಬ ಅತಿಥಿ ಉಪನ್ಯಾಸಕರು, ಒಬ್ಬ ಕಾಯಂ ಅಧ್ಯಾಪಕರು ಇದ್ದರೆ ಜೋಡಿ ಚೆನ್ನಾಗಿರುತ್ತದೆ.

ಈಗ ಕೇಳುವ ಬಗೆ. ಕಾರಿಡಾರಿನಲ್ಲಿ ಹಿಂದೆ ಹಿಂದೆ ನಡೆಯುತ್ತಾ ಕೇಳಬೇಡಿ. ಸ್ಟಾಫ್ ರೂಮಿನಲ್ಲಿ ಬಿಡುವಿರುವಾಗ ಹೋಗಿ, 'ಸರ್, ನನ್ನ ಪ್ರಾಜೆಕ್ಟ್ ಕೆಲಸದ ಬಗ್ಗೆ ವಿವರವಾಗಿ ಬರೆಯುವಷ್ಟು ತಮಗೆ ನೆನಪಿದೆಯಾ? ಕಷ್ಟ ಅನಿಸಿದರೆ ಖಂಡಿತ ಬೇಸರವಿಲ್ಲ, ಬೇರೆಯವರನ್ನು ಕೇಳುತ್ತೇನೆ' ಎಂದು ಹೇಳಿ. 'ಪತ್ರ ಕೊಡ್ತೀರಾ' ಎಂದು ಕೇಳಿದರೆ ನಮ್ಮ ಮೇಷ್ಟ್ರುಗಳು ಇಲ್ಲ ಅನ್ನುವುದಿಲ್ಲ, ಅದು ನಮ್ಮ ಸಂಕೋಚ. ಇಲ್ಲ ಅನ್ನಲು ಅವರಿಗೆ ದಾರಿ ಮಾಡಿಕೊಡಬೇಕು, ಯಾಕೆಂದರೆ ಒಲ್ಲದ ಮನಸ್ಸಿನಿಂದ ಬರೆದ ಪತ್ರಕ್ಕಿಂತ ಪತ್ರವಿಲ್ಲದಿರುವುದು ಮೇಲು. 'ನೋಡೋಣ', 'ಆಫೀಸಲ್ಲಿ ಫಾರ್ಮ್ಯಾಟ್ ಇದೆ ತಗೋ', 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ' ಎಂಬ ಮಾತು ಬಂದರೆ ಅದನ್ನು 'ಇಲ್ಲ' ಎಂದೇ ಲೆಕ್ಕಕ್ಕೆ ಹಿಡಿಯಿರಿ.

ಆ ಕೊನೆಯ ಮಾತು ನಮ್ಮಲ್ಲಿ ಎಷ್ಟು ರೂಢಿಯೆಂದರೆ ಅದರಲ್ಲಿ ತಪ್ಪೇನು ಎಂದು ಮಕ್ಕಳು ಕೇಳುತ್ತಾರೆ. ಅಧ್ಯಾಪಕರ ಕಷ್ಟ ನಿಜ. ತರಗತಿಗೆ ಅರವತ್ತು ಜನ, ಮೌಲ್ಯಮಾಪನದ ಕೆಲಸ, ಇಂಗ್ಲಿಷಿನಲ್ಲಿ ಎರಡು ಪುಟ ಬರೆಯುವ ಅಂಜಿಕೆ. ಆದರೂ ವಿದ್ಯಾರ್ಥಿಯೇ ಬರೆದ ಪತ್ರ ಒಳಗಿನಿಂದಲೇ ಸಿಕ್ಕಿಬೀಳುತ್ತದೆ. ಅರ್ಜಿಯ ಪ್ರಬಂಧದಲ್ಲಿರುವ ವಾಕ್ಯದ ಬಳುಕು, ಅದೇ ವಿಶೇಷಣಗಳು ಮೂರು ಪತ್ರದಲ್ಲೂ ಕಾಣುತ್ತವೆ. ಸೀನಿಯರ್‌ನಿಂದ ಪಡೆದ ನಮೂನೆಯಾದರೆ ಇನ್ನೂ ಕೆಟ್ಟದ್ದು: ಹುಡುಗಿಯ ಪತ್ರದ ಮೂರನೇ ಪ್ಯಾರಾದಲ್ಲಿ 'ಹಿ' ಎಂದು ಉಳಿದಿರುತ್ತದೆ, ಕೊನೆಯ ಸಾಲಿನಲ್ಲಿ ಬೇರೆ ವಿಶ್ವವಿದ್ಯಾಲಯದ ಹೆಸರಿರುತ್ತದೆ. ಪರಿಶೀಲನೆಗೆ ಫೋನ್ ಬಂದರೆ ಪತ್ರದಲ್ಲಿರುವ ಪ್ರಸಂಗ ಮೇಷ್ಟ್ರಿಗೆ ಗೊತ್ತೇ ಇರುವುದಿಲ್ಲ. ಮೇಷ್ಟ್ರ ಹೆಸರಿನಲ್ಲಿ ಇಮೇಲ್ ಖಾತೆ ತೆರೆದು ತಾವೇ ಪತ್ರ ಕಳಿಸುತ್ತೇವೆ ಅನ್ನುವ ಏಜೆಂಟರ ಹತ್ತಿರವಂತೂ ಸುಳಿಯಬೇಡಿ. ಅದು ವಂಚನೆ, ಗೊತ್ತಾದರೆ ಸೀಟು ಸಿಕ್ಕಿ ತರಗತಿಗೆ ಸೇರಿದ ಮೇಲೂ ಪ್ರವೇಶ ರದ್ದಾಗಬಹುದು.

ಇದಕ್ಕೆ ಪರಿಹಾರ ನೆನಪಿನ ಹಾಳೆ. ಪತ್ರವನ್ನು ನೀವು ಬರೆಯಬೇಡಿ, ಪತ್ರಕ್ಕೆ ಬೇಕಾದ ನೆನಪನ್ನು ಒದಗಿಸಿ. ಒಂದೇ ಪುಟ. ಅವರ ಬಳಿ ಯಾವ ವರ್ಷ ಯಾವ ವಿಷಯ ಓದಿದಿರಿ, ಎಷ್ಟು ಅಂಕ, ಯಾವ ಪ್ರಾಜೆಕ್ಟ್, ಅದರಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು, ಎಲ್ಲಿ ಎಡವಿದಿರಿ, ಅವರು ಏನು ಹೇಳಿದರು, ಆಮೇಲೆ ಏನಾಯಿತು. ಬಿಎಸ್ಸಿ ಕೃಷಿ ಓದಿದವರಾದರೆ ಗ್ರಾಮೀಣ ಕಾರ್ಯಾನುಭವದಲ್ಲಿ ಯಾವ ಹಳ್ಳಿಯಲ್ಲಿದ್ದಿರಿ, ಯಾವ ಪ್ರಾತ್ಯಕ್ಷಿಕೆ ಮಾಡಿದಿರಿ, ಮೇಷ್ಟ್ರು ಭೇಟಿ ಕೊಟ್ಟ ದಿನ ಏನು ನಡೆಯಿತು ಎಂದು ಬರೆಯಿರಿ. ಹೊಗಳಿಕೆಯ ಒಂದು ಪದವೂ ಬೇಡ, ನಡೆದದ್ದು ಮಾತ್ರ. ಕನ್ನಡದಲ್ಲಿದ್ದರೆ ಓದಲು ಅವರಿಗೆ ಸಲೀಸು ಅನ್ನುವುದಾದರೆ ಕನ್ನಡದಲ್ಲೇ ಬರೆಯಿರಿ. ಮೂಲೆಯಲ್ಲಿ ನಿಮ್ಮ ಫೋಟೋ ಇರಲಿ; ನೂರಾರು ಮಕ್ಕಳಲ್ಲಿ ಮುಖ ನೆನಪಾದರೆ ಮಿಕ್ಕಿದ್ದೂ ನೆನಪಾಗುತ್ತದೆ. ಜೊತೆಗೆ ಬಯೋಡೇಟಾ, ಪ್ರಬಂಧದ ಕರಡು, ಅಂಕಪಟ್ಟಿಯ ಪ್ರತಿ, ವಿಶ್ವವಿದ್ಯಾಲಯಗಳ ಹೆಸರು ಮತ್ತು ಕೊನೆಯ ದಿನಾಂಕದ ಪಟ್ಟಿ. ಇಂಗ್ಲಿಷ್ ಬಗ್ಗೆ ಅಳುಕುವವರಿಗೆ ಧೈರ್ಯ ಹೇಳಿ: ಅಲ್ಲಿ ಯಾರೂ ವ್ಯಾಕರಣಕ್ಕೆ ಅಂಕ ಹಾಕುವುದಿಲ್ಲ, ಸರಳ ವಾಕ್ಯಗಳು ಸಾಕು.

ದಿನದ ಲೆಕ್ಕ ಹೀಗಿರಲಿ. ಕೊನೆಯ ದಿನಾಂಕಕ್ಕೆ 6ರಿಂದ 8 ವಾರ ಮೊದಲು ಕೇಳಬೇಕು. ಡಿಸೆಂಬರ್ ಮಧ್ಯದ ಗಡುವಿಗೆ ಅದು ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ ಬೀಳುತ್ತದೆ. ಆಗಲೇ ದಸರಾ, ದೀಪಾವಳಿ. ಹಾಸನಾಂಬೆಯ ಬಾಗಿಲು ತೆರೆಯುವುದೂ ಆ ಸುಮಾರಿನಲ್ಲೇ, ಜಿಲ್ಲೆಯ ಅಧಿಕಾರಿಗಳನ್ನು ನಂಬಿಕೊಂಡಿದ್ದರೆ ಆ ದಿನಗಳಲ್ಲಿ ಅವರು ಕೈಗೆ ಸಿಗುವುದಿಲ್ಲ. ಅವರನ್ನು ಸೆಪ್ಟೆಂಬರ್‌ನಲ್ಲೇ ಮಾತಾಡಿಸಿ. ಅವರಿಗೆ ಹೇಳುವ ಗಡುವು ನಿಜವಾದ ಗಡುವಿಗಿಂತ 10 ದಿನ ಮುಂಚಿನದಾಗಿರಲಿ. ಎರಡು ವಾರ ಇರುವಾಗ ಒಮ್ಮೆ, ಮೂರು ದಿನ ಇರುವಾಗ ಒಮ್ಮೆ ನೆನಪಿಸಿ.

ಪೋರ್ಟಲ್‌ನಲ್ಲಿ ಅವರ ಹೆಸರು, ಹುದ್ದೆ, ಇಮೇಲ್ ತುಂಬುವಾಗ ಒಂದು ಪ್ರಶ್ನೆ ಬರುತ್ತದೆ: ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? ಅಮೆರಿಕದ 1974ರ ಕಾಯ್ದೆಯೊಂದು ವಿದ್ಯಾರ್ಥಿಗಳಿಗೆ ತಮ್ಮ ಶೈಕ್ಷಣಿಕ ದಾಖಲೆ ನೋಡುವ ಹಕ್ಕು ಕೊಟ್ಟಿದೆ, ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಹೆದರದೆ ಬಿಟ್ಟುಕೊಡುತ್ತೇನೆ ಎಂದು ಗುರುತು ಹಾಕಿ. ವಿದ್ಯಾರ್ಥಿ ನೋಡುವುದಿಲ್ಲ ಎಂದು ಗೊತ್ತಿದ್ದು ಬರೆದ ಪತ್ರವನ್ನೇ ಅವರು ನಂಬುವುದು.

ಕೆಲವು ಫಾರಂಗಳಲ್ಲಿ ಪತ್ರದ ಜೊತೆ ಒಂದು ಕೋಷ್ಟಕವೂ ಇರುತ್ತದೆ: ವಿಶ್ಲೇಷಣೆ, ಬರವಣಿಗೆ, ನಾಯಕತ್ವ ಎಂದು ಬಾಬ್ತು ಮಾಡಿ, ಮೇಲಿನ ಶೇಕಡಾ 5, 10, 25 ಎಂದು ಗುರುತು ಹಾಕಬೇಕು. ಒಬ್ಬರು ಎಲ್ಲಕ್ಕೂ ಅತಿ ಮೇಲಿನದನ್ನೇ ಒತ್ತುತ್ತಾರೆ, ಇನ್ನೊಬ್ಬರು ಜಿಪುಣತನದಿಂದ ನಡುವಿನದನ್ನು ಒತ್ತುತ್ತಾರೆ. ಪತ್ರದಲ್ಲಿ 'ನಾನು ಕಂಡ ಅತ್ಯುತ್ತಮರಲ್ಲಿ ಒಬ್ಬಳು' ಎಂದಿದ್ದು ಕೋಷ್ಟಕದಲ್ಲಿ ಶೇಕಡಾ 25 ಎಂದಿದ್ದರೆ ಎರಡೂ ಕೆಡುತ್ತವೆ. ಪತ್ರಕ್ಕೂ ಕೋಷ್ಟಕಕ್ಕೂ ಹೊಂದಿಕೆ ಇರಬೇಕೆಂದು ಅವರಿಗೆ ವಿನಯದಿಂದ ಮೊದಲೇ ತಿಳಿಸಬಹುದು. ಏನನ್ನು ಒತ್ತಬೇಕು ಎಂದು ಮಾತ್ರ ಹೇಳಬಾರದು.

ಹೆಸರಿನ ಗೊಂದಲ ನಮ್ಮವರಿಗೇ ಮೀಸಲಾದದ್ದು. ಅಂಕಪಟ್ಟಿಯಲ್ಲಿ 'ಸೌಮ್ಯ ಕೆ. ಆರ್.' ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಸೇರಿ ಮೂರು ಪದವಾಗಿರುತ್ತದೆ. ಮೇಷ್ಟ್ರು ತಮಗೆ ಗೊತ್ತಿರುವಂತೆ 'ಸೌಮ್ಯ' ಎಂದಷ್ಟೇ ಬರೆಯುತ್ತಾರೆ. ಒಂದೇ ಹೆಸರಿನ ಹತ್ತು ಜನ ಇರುವ ಪೋರ್ಟಲ್‌ನಲ್ಲಿ ಯಾರ ಪತ್ರ ಯಾರದೆಂದು ತಿಳಿಯಬೇಕಲ್ಲ? ಮೊದಲ ಸಾಲಿನಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆ ಪೂರ್ತಿ ಹೆಸರು, ಅದರ ಪಕ್ಕ 'ಕಾಲೇಜಿನ ದಾಖಲೆಯಲ್ಲಿ ಸೌಮ್ಯ ಕೆ. ಆರ್.' ಎಂದು ಒಮ್ಮೆ ಬರೆದರೆ ಮುಗಿಯಿತು. ಅಕ್ಷರಗಳನ್ನು ನೆನಪಿನ ಹಾಳೆಯ ತಲೆಯಲ್ಲೇ ದಪ್ಪಗೆ ಬರೆದುಕೊಡಿ.

ಪತ್ರ ಲೆಟರ್‌ಹೆಡ್ ಮೇಲೆ, ದಿನಾಂಕ, ಪೆನ್ನಿನ ಸಹಿ, ಹುದ್ದೆ, ಫೋನ್ ಸಮೇತ ಇರಲಿ. ಕಾಲೇಜಿನ ಕಚೇರಿ ಜಾವಕ ಸಂಖ್ಯೆ (ಹೊರಹೋಗುವ ಪತ್ರಕ್ಕೆ ಹಾಕುವ ನಂಬರ್), ಸೀಲು ಕೇಳಬಹುದು; ಹೊರಗಿನವರಿಗೆ ಅದು ಬೇಕಿಲ್ಲ, ಹಾಕಿದರೆ ನಷ್ಟವೂ ಇಲ್ಲ, ಆದರೆ ಅದಕ್ಕಾಗಿ ವಾರ ಕಳೆಯದಂತೆ ಮೊದಲೇ ವಿಚಾರಿಸಿ. ಮೊಬೈಲಿನಲ್ಲಿ ತೆಗೆದ ನೆರಳು ಬಿದ್ದ ಫೋಟೋ ಬೇಡ, ಸ್ಕ್ಯಾನರ್‌ನಲ್ಲಿ ಪಿಡಿಎಫ್ ಮಾಡಿಸಿ ಅವರೇ ಏರಿಸಲಿ.

ಕೊನೆಗೆ, ಅತಿ ಹೆಚ್ಚು ಜನ ಸಿಕ್ಕಿಕೊಳ್ಳುವ ಜಾಗ. ನೀವು ಪೋರ್ಟಲ್‌ನಲ್ಲಿ ಗುಂಡಿ ಒತ್ತಿದ ಕೂಡಲೇ ಅವರಿಗೆ ಲಿಂಕ್ ಇರುವ ಇಮೇಲ್ ಹೋಗುತ್ತದೆ, ಬಹಳ ಸಲ ಅದು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ನಿಮಗೆ ಅವರು ಬರೆಯುತ್ತಿದ್ದಾರೆ ಎಂಬ ನಂಬಿಕೆ, ಅವರಿಗೆ ಇನ್ನೂ ಲಿಂಕ್ ಬಂದಿಲ್ಲ ಎಂಬ ನಂಬಿಕೆ. ಒತ್ತಿದ ದಿನವೇ ಫೋನ್ ಮಾಡಿ, 'ಸರ್, ಇಂಥ ಹೆಸರಿನಿಂದ ಒಂದು ಮೇಲ್ ಬಂದಿರಬೇಕು, ಸ್ಪ್ಯಾಮ್‌ನಲ್ಲೂ ಒಮ್ಮೆ ನೋಡ್ತೀರಾ' ಎಂದು ಕೇಳಿ. ಕಾಣದಿದ್ದರೆ ಇಮೇಲ್ ವಿಳಾಸದ ಒಂದೊಂದು ಅಕ್ಷರವನ್ನೂ ಓದಿ ಹೇಳಿ ಸರಿನೋಡಿ, ಪೋರ್ಟಲ್‌ನಿಂದ ಮತ್ತೊಮ್ಮೆ ಕಳಿಸಿ. ಪತ್ರ ಸೇರಿದ ಮೇಲೆ ನಿಮ್ಮ ಖಾತೆಯಲ್ಲಿ ಆ ಹೆಸರಿನ ಎದುರು ಸ್ಥಿತಿ ಬದಲಾಗುತ್ತದೆ, ಅದನ್ನು ಕಣ್ಣಾರೆ ನೋಡುವವರೆಗೆ ಕೆಲಸ ಮುಗಿದಿಲ್ಲ. ಮೂವರು ಬೇಕಿರುವಲ್ಲಿ ನಾಲ್ಕನೆಯವರೊಬ್ಬರನ್ನು ಮೊದಲೇ ಕೇಳಿ, ಅವರಿಗೂ ನೆನಪಿನ ಹಾಳೆ ಕೊಟ್ಟಿರಿ. ಮೇಷ್ಟ್ರಿಗೆ ಹುಷಾರಿಲ್ಲದೆ ಹೋಗಬಹುದು, ಮನೆಯಲ್ಲಿ ಮದುವೆ ಇರಬಹುದು. ಗಡುವಿಗೆ ನಾಲ್ಕು ದಿನ ಇರುವಾಗಲೂ ಒಂದು ಹೆಸರಿನ ಎದುರು ಏನೂ ಬದಲಾಗಿಲ್ಲವೆಂದರೆ ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆದು, ಆ ಜಾಗಕ್ಕೆ ನಾಲ್ಕನೆಯವರ ಹೆಸರು ಹಾಕಿ ಲಿಂಕ್ ಕಳಿಸಿ.